ಟ್ರಿನಿಡಾಡ್ "ಲೋಕಲ್ ಲೈಫ್" ಟೂರ್: ದುಡ್ಡು ಕೊಟ್ಟು ಹೋಗ್ಬೋದಾ, ಇಲ್ಲ ನಾವೇ ಸುತ್ತೋದಾ? (ಅತ್ತೆ ಜೊತೆಗಿದಾರೆ)

ಎಡಿಸನ್_ಸೊಸೆ

ಎಲ್ರಿಗೂ ನಮಸ್ಕಾರ. ನಾವು ನ್ಯೂಜೆರ್ಸಿಲಿ ಇರೋದು. ಅತ್ತೆ ಮೈಸೂರಿಂದ ಬಂದು ಎರಡು ತಿಂಗಳಾಯ್ತು, ನಯಾಗರ ಆಯ್ತು, ವಾಷಿಂಗ್ಟನ್ ಆಯ್ತು, ಔಟ್‌ಲೆಟ್ ಮಾಲ್ ಅಂತೂ ಮೂರು ಸಲ ಆಯ್ತು, ಪಾಪ ಅವರಿಗೂ ಸಾಕಾಗಿದೆ ನಮಗೂ ಸಾಕಾಗಿದೆ. 2025ರ ಮೇ ಕೊನೇಲಿ ಬರೋ ಮೆಮೋರಿಯಲ್ ಡೇ ರಜಕ್ಕೆ ಇನ್ನೊಂದು ನಾಲ್ಕು ದಿನ ಸೇರಿಸ್ಕೊಂಡು ಕೆರಿಬಿಯನ್ ಕಡೆ ಹೋಗಿ ಬರೋಣ ಅಂತ ನಮ್ಮನೆಯವರು ಶುರು ಮಾಡಿದ್ರು. ಬೀಚ್ ರೆಸಾರ್ಟ್ ಫೋಟೋ ತೋರಿಸಿದ್ರೆ ಅತ್ತೆ "ಮರಳಲ್ಲಿ ಕೂತ್ಕೊಂಡು ನಾನೇನ್ ಮಾಡ್ಲಿ, ಅಲ್ಲಿ ಜನ ಹೆಂಗಿದಾರೆ, ಬೆಳಗ್ಗೆ ಏನ್ ತಿಂಡಿ ಮಾಡ್ತಾರೆ ಅದನ್ನ ತೋರಿಸೋದಾದ್ರೆ ಬರ್ತೀನಿ" ಅಂದ್ಬಿಟ್ರು.

ಹುಡುಕ್ತಾ ಹೋದಾಗ ಟ್ರಿನಿಡಾಡ್‌ದು ಒಂದು ಐದು ದಿನದ ಗೈಡೆಡ್ ಟೂರ್ ಸಿಕ್ತು. ಮಾರ್ಕೆಟ್ ಸುತ್ತಾಟ, ಒಬ್ಬರ ಮನೇಲಿ ಊಟ, ಸ್ಟೀಲ್ ಪ್ಯಾನ್ (ಎಣ್ಣೆ ಡ್ರಮ್ಮಿಂದ ಮಾಡೋ ವಾದ್ಯ) ಕೇಳೋದು, ದೇವಸ್ಥಾನ, ಎಲ್ಲದಕ್ಕೂ ಮುಂದೆ "ಅಥೆಂಟಿಕ್" ಅಂತ ಹಾಕಿದಾರೆ. ಒಬ್ಬೊಬ್ಬರಿಗೆ 1,400 ಡಾಲರ್, ಫ್ಲೈಟ್ ಬಿಟ್ಟು. ಮೂರು ಜನ ಅಂದ್ರೆ ಲೆಕ್ಕ ಹಾಕಿ ಎದೆ ಧಸಕ್ ಅಂತು.

ಯಾರಾದ್ರೂ ಹೋಗಿದೀರಾ? ಈ ಥರ ಟೂರಲ್ಲಿ ನಿಜವಾಗ್ಲೂ ಅಲ್ಲಿನ ಜೀವನ ಕಾಣತ್ತಾ ಇಲ್ಲ ನಾಟಕನಾ? ನಾವು ವೆಜ್, ಈರುಳ್ಳಿ ಬೆಳ್ಳುಳ್ಳಿ ಓಕೆ, ಮೊಟ್ಟೆ ಅತ್ತೆ ತಿನ್ನಲ್ಲ. ಸೇಫ್ಟಿ ಬಗ್ಗೆನೂ ಏನೇನೋ ಓದಿ ಭಯ ಆಗಿದೆ.

ಟೊರೊಂಟೊ_ತರ್ಲೆ

ಅಕ್ಕ, ನಾನು ಟ್ರಿನಿಡಾಡ್‌ಗೆ ಹೋಗಿಲ್ಲ, ಆದ್ರೆ ಜಮೈಕಾಲಿ ಕ್ರೂಸ್ ಹಡಗಿಂದ ಇಳಿದು ಇಂಥದ್ದೇ ಒಂದು "ಹಳ್ಳಿ ಜೀವನ" ಟೂರ್ ಮಾಡಿದೀನಿ. ಬಸ್ಸಲ್ಲಿ ಒಂದು ಗಂಟೆ, ಇಳಿದ ತಕ್ಷಣ ಯೂನಿಫಾರ್ಮ್ ಹಾಕ್ಕೊಂಡ ಮಕ್ಕಳು ಹಾಡು ಹೇಳಿದ್ರು, ಒಬ್ಬ ಅಜ್ಜ ತೆಂಗಿನಕಾಯಿ ಕೆತ್ತಿ ಕೊಟ್ರು, ನಮ್ ಬಸ್ ಹೊರಟಾಗ ಹಿಂದಿನ ಬಸ್ ಬಂತು, ಅದೇ ಮಕ್ಕಳು ಅದೇ ಹಾಡು ಮೊದಲಿಂದ ಶುರು. ಕಿಟಕಿಯಿಂದ ನೋಡ್ತಾ ನಮ್ಮೂರಲ್ಲಿ ಮಿನಿಸ್ಟರ್ ಬಂದಾಗ ಬಿಸಿಲಲ್ಲಿ ನಿಂತು ಸ್ವಾಗತ ಗೀತೆ ಹಾಡಿದ್ದು ನೆನಪಾಯ್ತು ನಂಗೆ. 1,400 ಕೊಡ್ಬೇಡಿ.

ಇನ್ನೊಂದು, ಇಲ್ಲಿ ಟೊರೊಂಟೊದಲ್ಲಿ ಟ್ರಿನಿ ಜನ ತುಂಬಾ ಇದಾರೆ, ನಮ್ ಕೆಳಗಿನ ಮನೆ ಆಂಟಿನೂ ಅಲ್ಲಿಯವರೇ. ಅವರು ಮಾಡೋ ರೊಟ್ಟಿಗೆ "ಬಸ್ ಅಪ್ ಶಟ್" ಅಂತಾರೆ, ಅಂದ್ರೆ ಹರಿದು ಚಿಂದಿಯಾದ ಶರ್ಟ್ ಅಂತ 😀 ಪರೋಟನ ಕಾವಲಿ ಮೇಲೇ ಬಡಿದು ಬಡಿದು ಹರೀತಾರೆ. ಅತ್ತೆಗೆ ಹೇಳಿ, ನಗ್ತಾರೆ.

ಸುರತ್ಕಲ್_ಭಟ್

ನಾನು ಟ್ರಿನಿಡಾಡ್‌ನ ಪಾಯಿಂಟ್ ಲೀಸಾಸ್‌ನಲ್ಲಿ ಮೂರು ವರ್ಷ ಕೆಲಸ ಮಾಡಿದವ, ಅಮೋನಿಯಾ ಪ್ಲಾಂಟ್, ಮನೆ ಇದ್ದದ್ದು ಪಕ್ಕದ ಊರು ಕೂವಾದಲ್ಲಿ. ಹಾಗಾಗಿ ಸ್ವಲ್ಪ ಉದ್ದ ಬರೀತೇನೆ, ಬೇಜಾರಾದ್ರೆ ಸ್ಕ್ರಾಲ್ ಮಾಡಿ.

ಮೊದಲು ಟೂರ್ ವಿಷಯ. ನಾಟಕ ಅಂತ ನಾನು ಹೇಳುದಿಲ್ಲ, ಆದ್ರೆ ಟೈಮಿಂಗ್ ತಪ್ಪು ಮಾರ್ರೆ. ಈ ಬಸ್ಸುಗಳು ಹೋಟೆಲಿಂದ ಹೊರಡುದು ಒಂಬತ್ತೂವರೆ ಹತ್ತಕ್ಕೆ, ವಾಪಸ್ ನಾಲ್ಕಕ್ಕೆ. ಆ ಹೊತ್ತಲ್ಲಿ ಊರಿನ ಜನ ಎಲ್ಲಿರ್ತಾರೆ? ಆಫೀಸಲ್ಲಿ, ಶಾಲೆಯಲ್ಲಿ. ಅಲ್ಲಿನ ಜೀವನ ನೋಡ್ಲಿಕ್ಕೆ ಉಂಟಾದ್ರೆ ಬೆಳಿಗ್ಗೆ ಆರರಿಂದ ಎಂಟು, ಮತ್ತೆ ಸಂಜೆ ಐದರ ನಂತರ. ಆರು ಗಂಟೆಗೆ ರಸ್ತೆ ಬದಿಯ ಡಬಲ್ಸ್ ಗಾಡಿ ಹತ್ರ ಹೋಗಿ ನಿಲ್ಲಿ. ಮೈದಾ ಅರಿಶಿನ ಹಾಕಿ ಕಲಸಿ ಕರಿದ ಎರಡು ಮೆತ್ತನೆ ಬಾರಾ, ಮಧ್ಯ ಕಾಬೂಲಿ ಕಡ್ಲೆ, ಮೇಲೆ ಸೌತೆಕಾಯಿ, ಹುಣಸೆ ಚಟ್ನಿ, ಮೆಣಸಿನ ಸಾಸ್. ಪೂರ್ತಿ ವೆಜ್, ಮೊಟ್ಟೆ ಇಲ್ಲ ಹಾಲು ಇಲ್ಲ. ಬ್ಯಾಂಕ್ ಮ್ಯಾನೇಜರ್, ಪೊಲೀಸ್, ಶಾಲೆ ಮಕ್ಕಳು, ನೈಟ್ ಶಿಫ್ಟ್ ಮುಗಿಸಿದ ನಮ್ಮಂಥವ್ರು ಎಲ್ಲ ಒಂದೇ ಸಾಲಲ್ಲಿ ನಿಂತು ಕಾಗದದಲ್ಲೇ ತಿನ್ನುದು. ಗಾಡಿಯವ ಖಾರ ಎಷ್ಟು ಕೇಳ್ತಾನೆ, "ಸ್ಲೈಟ್" ಅನ್ನಿ. ನಾನು ಮೊದಲ ದಿನ ಮಂಗಳೂರಿನವ, ಖಾರ ಎಂತ ಮಹಾ ಅಂತ ಜಂಬ ಮಾಡಿ ಜಾಸ್ತಿ ಹಾಕಿಸಿಕೊಂಡು ಪ್ಲಾಂಟಿಗೆ ಹೋಗಿ ಕಣ್ಣಲ್ಲಿ ನೀರು. ಅಮೋನಿಯಾ ಲೀಕ್ ಅಂತ ಸುಳ್ಳು ಹೇಳ್ಲಿಕ್ಕೂ ಆಗುದಿಲ್ಲ, ಸೈರನ್ ಹೊಡೀತಾರೆ.

ಮನೆ ಅಡುಗೆ (ಬ್ರಿಟಿಷರ ಕಾಲದಲ್ಲಿ ಕಬ್ಬಿನ ಗದ್ದೆ ಕೂಲಿಗೆ ಅಂತ ಹೋದ ಭಾರತ ಮೂಲದವರ ಮನೆಯದ್ದು): ಬೆಳಿಗ್ಗೆಗೆ ಸಾದಾ ರೋಟಿ ಮತ್ತು ಬೈಗನ್ ಚೋಖಾ. ಬದನೆಗೆ ಸೀಳು ಮಾಡಿ ಬೆಳ್ಳುಳ್ಳಿ ತುರುಕಿ ಬೆಂಕಿಯಲ್ಲಿ ಸುಟ್ಟು ಹಿಸುಕಿ ಮೇಲೆ ಬಿಸಿ ಎಣ್ಣೆ, ನಮ್ಮ ಸುಟ್ಟ ಬದನೆ ಗೊಜ್ಜಿನ ಅಣ್ಣ ತಮ್ಮ. ಒಗ್ಗರಣೆಗೆ "ಚುಂಕೇ" ಅಂತಾರೆ, ಜೀರಿಗೆಗೆ "ಗೀರಾ", ಅಲಸಂಡೆಗೆ "ಬೋಡಿ", ಅವರೆಗೆ "ಸೀಮ್". ಕೆಸುವಿನ ಎಲೆಗೆ ಕಡ್ಲೆಬೇಳೆ ಥರದ ಬೇಳೆಹಿಟ್ಟು ಸವರಿ ಸುತ್ತಿ ಕತ್ತರಿಸಿ ಕರೀತಾರೆ, ಹೆಸರು ಸಹೀನಾ. ನಮ್ಮ ಪತ್ರೊಡೆ ಹಡಗು ಹತ್ತಿ ಹೋಗಿ ಹೆಸರು ಬದಲಿಸಿಕೊಂಡ ಹಾಗೆ ಉಂಟು (ಅದು ನಮ್ಮ ಕರಾವಳಿಯಿಂದ ಹೋದದ್ದಲ್ಲ ಮತ್ತೆ, ಬಿಹಾರ ಯುಪಿ ಕಡೆಯಿಂದ, ಜಗಳಕ್ಕೆ ಬರ್ಬೇಡಿ). ಜೀಗುಜ್ಜೆ ಉಂಟು, ಅಂಬಟೆ ಉಂಟು, ಮೇ ಕೊನೆ ಅಂದ್ರೆ ಜೂಲೀ ಮಾವಿನ ಹಣ್ಣೂ ಸಿಗ್ತದೆ. ಒಂದೇ ಎಚ್ಚರಿಕೆ: ಅದೇ ಕೆಸು ಎಲೆಯದ್ದು ಕಾಲಲೂ ಅಂತ ಹಸಿರು ಗಸಿ ಮಾಡ್ತಾರೆ, ನೋಡ್ಲಿಕ್ಕೆ ಸೊಪ್ಪಿನ ಸಾರೇ, ಆದ್ರೆ ಏಡಿ ಅಥವಾ ಉಪ್ಪು ಹಾಕಿದ ಹಂದಿ ಬಾಲ ಹಾಕಿರ್ತಾರೆ ಹೆಚ್ಚಾಗಿ. ಕೇಳದೆ ಅತ್ತೆಗೆ ಬಡಿಸ್ಬೇಡಿ.

ಅತ್ತೆ ಮೈಸೂರು ಅಂದ್ರಲ್ಲ, ಅವರಿಗೆ ಒಂದು ಸರ್ಪ್ರೈಸ್ ಉಂಟು. ಕ್ಯಾರಪಿಚೈಮಾದಲ್ಲಿ ದತ್ತಾತ್ರೇಯ ದೇವಸ್ಥಾನ, ಎದುರಿಗೆ 85 ಅಡಿ ಹನುಮಂತ. ಅದು ಕಟ್ಟಿಸಿದ್ದು ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿ, ಅದೇ ನಂಜನಗೂಡು ರಸ್ತೆಯ ಆಶ್ರಮ, ಗಿಳಿಗಳ ಶುಕವನ ಉಂಟಲ್ಲ ಅಲ್ಲಿಯದ್ದೇ. ಗೋಪುರ ನಮ್ಮ ದಕ್ಷಿಣದ ಶೈಲಿ. ಸುತ್ತ ಮೊದಲು ಕಬ್ಬಿನ ಗದ್ದೆ ಇದ್ದ ಬಯಲಲ್ಲಿ ಇದ್ದಕ್ಕಿದ್ದ ಹಾಗೆ ಹನುಮಂತ ಎದ್ದು ನಿಂತದ್ದು ಕಂಡ್ರೆ ಯಾರಿಗಾದ್ರೂ ಒಂದು ಸಲ ಜುಂ ಅಂತದೆ.

ಅಲ್ಲಿಂದ ಹತ್ತಿರವೇ ವಾಟರ್‌ಲೂ, ಸಮುದ್ರದ ದೇವಸ್ಥಾನ. ಸಿವದಾಸ್ ಸಾಧು ಅಂತ ಕಬ್ಬಿನ ಗದ್ದೆಯಲ್ಲಿ ದುಡಿಯುವ ಒಬ್ಬ ಮನುಷ್ಯ ದಡದಲ್ಲಿ ಚಿಕ್ಕ ಗುಡಿ ಕಟ್ಟಿದ್ರು, ಜಾಗ ಸಕ್ಕರೆ ಕಂಪನಿಯದ್ದು ಅಂತ ಅದನ್ನು ಕೆಡವಿ ಇವರನ್ನು ಹದಿನಾಲ್ಕು ದಿನ ಜೈಲಿಗೆ ಹಾಕಿದ್ರು. ಹೊರಗೆ ಬಂದವರು, ನೆಲ ನಿಮ್ಮದಾದ್ರೆ ಇರ್ಲಿ, ಸಮುದ್ರ ಯಾರದ್ದೂ ಅಲ್ಲ ಅಂತ ಸೈಕಲಲ್ಲಿ ಕಲ್ಲು ಸಿಮೆಂಟು ಹೊತ್ತು ನೀರೊಳಗೆ ಕಟ್ಲಿಕ್ಕೆ ಶುರು ಮಾಡಿದ್ರು, ಇಪ್ಪತ್ತೈದು ವರ್ಷ. ಈಗ ಇರುವ ಕಟ್ಟಡ 1995ರ ಹೊತ್ತಿಗೆ ಸರಕಾರ ಹೊಸದಾಗಿ ಕಟ್ಟಿದ್ದು, ಪಕ್ಕದಲ್ಲಿ ಸಾಧುಗಳ ಮೂರ್ತಿ ಉಂಟು. ಬದಿಯಲ್ಲೇ ಸ್ಮಶಾನ, ಚಿತೆ ಉರೀತಾ ಇರ್ತದೆ ಕೆಲವು ಸಲ. ಟೂರಿನವರು ಅಲ್ಲೂ ಸೆಲ್ಫಿಗೆ ನಿಲ್ಲಿಸ್ತಾರೆ, ನನಗೆ ಅದು ಸರಿ ಕಾಣುದಿಲ್ಲ.

ಮತ್ತೆ ಮನೆಮನೆ ಅಂಗಳದಲ್ಲಿ ಬಿದಿರಿನ ಕೋಲಿಗೆ ಕಟ್ಟಿದ ಬಣ್ಣಬಣ್ಣದ ಬಾವುಟ ಕಾಣ್ತದೆ, ಝಂಡಿ ಅಂತಾರೆ, ಪೂಜೆ ಮುಗಿದ ಮೇಲೆ ನೆಡುದು, ಕೆಂಪು ಹನುಮಂತನಿಗೆ. ಹತ್ತು ಮನೆ ದಾಟಿದ್ರೆ ಯಾರ ಮನೆಯಲ್ಲಿ ಇತ್ತೀಚೆಗೆ ಪೂಜೆ ಆಗಿದೆ ಅಂತ ಬಣ್ಣ ಮಾಸಿದ್ದು ನೋಡಿ ಹೇಳ್ಬಹುದು, ಇಂಥದ್ದು ಹೇಳ್ಲಿಕ್ಕೆ ಮಾತ್ರ ಗೈಡ್ ಬೇಕು.

ಹುಬ್ಬಳ್ಳಿ_ಕಾಕಾ

ಭಟ್ರ ಎಲ್ಲಾ ಹೇಳಿದ್ರಿ, ಓವಲ್ ಬಿಟ್ರಲ್ರಿ! ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ಗೆ ಹೋಗಿ ಕ್ವೀನ್ಸ್ ಪಾರ್ಕ್ ಓವಲ್ ಕ್ರಿಕೆಟ್ ಮೈದಾನ ನೋಡದ ಬಂದ್ರ ಕನ್ನಡದವ್ರು ಅಂತ ಹೆಂಗ ಹೇಳ್ಕೋತೀರಿ. 1976 ಏಪ್ರಿಲ್, ವಿಂಡೀಸ್ ಜೋಡಿ ಟೆಸ್ಟ್, ಗೆಲ್ಲಾಕ 403 ಬೇಕಾಗಿತ್ತು, ನಾ ಆಗ ಹೈಸ್ಕೂಲಿನ್ಯಾಗ, ನಾಲ್ಕ ವಿಕೆಟಿಗೆ 406 ಹೊಡದ ಗೆದ್ರು ನಮ್ಮವ್ರು, ಗಾವಸ್ಕರ್ 102, ನಮ್ಮ ವಿಶಿ (ಜಿ.ಆರ್. ವಿಶ್ವನಾಥ್) 112, ಕಡೀಗೆ ಬ್ರಿಜೇಶ್ ಪಟೇಲ್ 49 ನಾಟೌಟ್. ಎರಡ ಮಂದಿ ಕರ್ನಾಟಕದವ್ರ ನೋಡ್ರಿ. ಅವತ್ತ ವಿಂಡೀಸ್ ಕಡೆ ಬೌಲಿಂಗ್ ಮಾಡಿದ ಇಮ್ತಿಯಾಜ್ ಅಲಿ, ರಫೀಕ್ ಜುಮದೀನ್ ಇಬ್ಬರೂ ಟ್ರಿನಿಡಾಡದ ಭಾರತ ಮೂಲದವ್ರ. ಅಂದ್ರ ಎರಡೂ ಕಡೆ ನಾವ!

ನಾ ಹೋಗಿದ್ದು 2023 ಜುಲೈ, ಮಗಳು ಫ್ಲೋರಿಡಾದಾಗ ಅದಾಳ, ಟೆಸ್ಟ್ ಮ್ಯಾಚ್ ನೋಡೂಣು ಅಂತ. ಕೊಹ್ಲಿ 500ನೇ ಮ್ಯಾಚು, 121 ಹೊಡದ. ಐದನೇ ದಿವ್ಸ ಮಳಿ, ಒಂದ್ ಬಾಲೂ ಆಗ್ಲಿಲ್ಲ. ಬ್ಯಾಸರಾಗಿ ಕುಂತಿದ್ದೆ, ಹೋಟೆಲಿನ ವಾಚ್‌ಮನ್ ಅಂದ, ಸೇಂಟ್ ಜೇಮ್ಸ್‌ನ್ಯಾಗ ಹೊಸೇ ಶುರು ಆಗತೈತಿ ಹೋಗಿ ನೋಡು ಅಂತ. ಹೊಸೇ ಅಂದ್ರ ನಮ್ಮ ಮೊಹರಂ ರೀ, ಹುಸೇನ್ ಹೆಸರು ತಿರುಗಿ ಹೊಸೇ ಆಗೈತಿ. ಬಿದಿರು ಬಣ್ಣದ ಕಾಗದದಾಗ ಮಾಡಿದ ದೊಡ್ಡ ದೊಡ್ಡ ತಾಬೂತು, ರಾತ್ರಿ ಮೆರವಣಿಗಿ, ಮುಂದ ತಾಸ್ಸಾ ಬಾರಸೂ ಹುಡುಗ್ರು. ಅಡ್ಡ ಓಣ್ಯಾಗ ಬೆಂಕಿ ಹಾಕಿ ತಾಸ್ಸಾದ ಚರ್ಮ ಕಾಯಸಾಕತ್ತಿದ್ರು, ನಮ್ಮ ಊರಾಗ ಅಲಾಯಿ ಕುಣಿತಕ್ಕ ಹಲಗಿ ಕಾಯಸ್ತಾರಲ್ಲ ಹಂಗ, ಸೇಮ್ ವಾಸನಿ, ನನಗ ಕಣ್ಣಾಗ ನೀರ ಬಂತ್ರಿ. ಬಾರಸೂ ಮಂದ್ಯಾಗ ಮುಸಲರೂ ಅದಾರ, ಹಿಂದೂಗೋಳೂ ಅದಾರ, ಆಫ್ರಿಕಾ ಮೂಲದ ಹುಡುಗ್ರೂ ಅದಾರ, ನಮ್ಮ ಹಳ್ಯಾಗ ಡೋಲಿ ಹೊರಾವ್ರು ಯಾರು ಅಂತ ಕೇಳಿದಂಗ. 1884ರಾಗ ಸ್ಯಾನ್ ಫರ್ನಾಂಡೋದಾಗ ಬ್ರಿಟಿಷ್ ಪೊಲೀಸ್ರು ಇದ ಮೆರವಣಿಗಿ ಮ್ಯಾಲ ಗುಂಡು ಹಾರಿಸಿ ಮಂದೀನ ಕೊಂದಿದ್ರು, ಆದ್ರೂ ನಿಲ್ಲಿಸಿಲ್ಲ.

ಇದು ಯಾವ ಟೂರಿನ ಪಟ್ಟ್ಯಾಗೂ ಇರಲಿಲ್ರಿ ತಂಗಿ. ವಾಚ್‌ಮನ್ ಕೂಡ ಚಾ ಕುಡದಿದ್ದಕ್ಕ ಗೊತ್ತಾತು. ನೀವ್ ಹೋಗೂ ಟೈಮಿಗೆ ಹೊಸೇ ಇರಂಗಿಲ್ಲ, ಆದ್ರ ಮೇ 30 ಅಲ್ಲೇ ಇರ್ತೀರೇನು? ಇದ್ರ ಬಿಡಬ್ಯಾಡ್ರಿ. ಇಂಡಿಯನ್ ಅರೈವಲ್ ಡೇ, ನಮ್ಮ ಮಂದಿ ಮೊದಲ ಅಲ್ಲಿ ಬಂದಿಳಿದ ದಿವ್ಸ, ಸರಕಾರಿ ಸೂಟಿ.

ಎಡಿಸನ್_ಸೊಸೆ

ಕಾಕಾ, ಮೇ 31ಕ್ಕೆ ರಿಟರ್ನ್ ಇಟ್ಕೊಂಡ್ರೆ ಸಿಗತ್ತೆ!! ಭಟ್ರೇ, ಹನುಮಂತನ ವಿಷಯ ಅತ್ತೆಗೆ ಓದಿ ಹೇಳಿದೆ, ಆಗ್ಲೇ ಸೂಟ್‌ಕೇಸ್ ತೆಗೆದಿದಾರೆ. ಸೇಫ್ಟಿ ಬಗ್ಗೆ ಒಂದ್ ಮಾತು ಹೇಳಿ, ಎಮರ್ಜೆನ್ಸಿ ಗಿಮರ್ಜೆನ್ಸಿ ಅಂತೆಲ್ಲ ಬರ್ತಿದೆ. ನಾವೇ ಬಸ್ಸು ಟ್ಯಾಕ್ಸಿಲಿ ಓಡಾಡ್ಬೋದಾ?

ಸುರತ್ಕಲ್_ಭಟ್

2024ರ ಡಿಸೆಂಬರ್ 30ಕ್ಕೆ ಎಮರ್ಜೆನ್ಸಿ ಹಾಕಿದ್ದು ಹೌದು, ಗ್ಯಾಂಗಿನವರ ಗುಂಡಿನ ಕಾಟಕ್ಕೆ. 2025ರ ಏಪ್ರಿಲ್ ಮಧ್ಯದಲ್ಲಿ ಅದು ಮುಗಿಯಿತು, ಆಮೇಲೆ ಎಲೆಕ್ಷನ್ ಕೂಡ ಆಗಿ ಕಮಲಾ ಪರ್ಸಾದ್ ಬಿಸ್ಸೇಸರ್ ಪ್ರಧಾನಿ ಆದ್ರು. ಭಯ ಇಲ್ಲ ಅಂತ ಸುಳ್ಳು ಹೇಳುದಿಲ್ಲ. ಪೋರ್ಟ್ ಆಫ್ ಸ್ಪೇನ್‌ನಲ್ಲಿ ಕತ್ತಲಾದ ಮೇಲೆ ನಡೀಲಿಕ್ಕೆ ಹೋಗ್ಬೇಡಿ, ಚಿನ್ನ ಮನೆಯಲ್ಲಿ ಬಿಟ್ಟು ಹೋಗಿ, ಅತ್ತೆಯ ಮಾಂಗಲ್ಯ ಸರ ಸೆರಗಿನ ಒಳಗೆ ಇರ್ಲಿ. ರಾತ್ರಿ ಓಡಾಟಕ್ಕೆ ಗೊತ್ತಿರುವ ಡ್ರೈವರ್ ಬೇಕೇ ಬೇಕು, ಗೈಡಿಗೆ ಕೊಡುವ ದುಡ್ಡಿನಲ್ಲಿ ಅರ್ಧ ಇದಕ್ಕೇ ಅಂತ ತಿಳ್ಕೊಳ್ಳಿ. ಹಾಗಾಗಿ ಐದು ದಿನದ ಪ್ಯಾಕೇಜ್ ಬೇಡ, ಎರಡು ದಿನ ಲೋಕಲ್ ಗೈಡ್ ಕಮ್ ಡ್ರೈವರ್ ಹಿಡೀರಿ, ನಿಮ್ಮ ಟೈಮಿಗೆ ಹೊರಡುವವ. ಉಳಿದ ದಿನ ಮಧ್ಯ ಟ್ರಿನಿಡಾಡ್‌ನಲ್ಲಿ, ಚಗ್ವಾನಸ್ ಅಥವಾ ಕೂವಾ ಕಡೆ, ಯಾರದ್ದಾದ್ರೂ ಮನೆಯ ಗೆಸ್ಟ್ ರೂಮಲ್ಲಿ ಇರಿ.

ಹಗಲಲ್ಲಿ ಮ್ಯಾಕ್ಸಿ ಟ್ಯಾಕ್ಸಿ ಧಾರಾಳವಾಗಿ ಹತ್ತಿ. ನಮ್ಮ ಟೆಂಪೋ ಟ್ರಾವೆಲರ್ ಥರ ಬಿಳಿ ವ್ಯಾನ್, ಬದಿಯಲ್ಲಿ ಬಣ್ಣದ ಪಟ್ಟಿ, ನಾನಿದ್ದಾಗ ಪೋರ್ಟ್ ಆಫ್ ಸ್ಪೇನ್‌ನ ಸಿಟಿ ಗೇಟಿಂದ ಚಗ್ವಾನಸ್ ಕಡೆಗೆ ಹಸಿರು ಪಟ್ಟಿಯದ್ದು, ಪೂರ್ವಕ್ಕೆ ಕೆಂಪು. ಗಾಡಿಗಳು ನಮ್ಮ ಹಾಗೆ ಎಡಗಡೆ, ಅಮೆರಿಕದಿಂದ ಹೋದವರು ರಸ್ತೆ ದಾಟುವಾಗ ಜಾಗ್ರತೆ.

ಮುಖ್ಯವಾದದ್ದು ಬಿಟ್ಟೆ. ಮ್ಯಾಕ್ಸಿ ಹತ್ತುವಾಗ, ಅಂಗಡಿಗೆ ಹೋದಾಗ, ಡಾಕ್ಟರ ಹತ್ರ ಕಾಯುವ ರೂಮಿಗೆ ಹೋದಾಗ ಎಲ್ಲರಿಗೂ ಕೇಳುವ ಹಾಗೆ "ಗುಡ್ ಮಾರ್ನಿಂಗ್" ಹೇಳ್ಬೇಕು. ಹೇಳದೆ ನೇರ ಕೆಲಸದ ಮಾತು ಎತ್ತಿದ್ರೆ ಸೊಕ್ಕಿನವ ಅಂತ ಲೆಕ್ಕ. ಕತ್ತಲಾದ ಮೇಲೆ ಸಿಕ್ಕಿದವರಿಗೆ "ಗುಡ್ ನೈಟ್" ಅಂತಾರೆ, ಅದು ಹೊರಡುವಾಗ ಹೇಳುದಲ್ಲ, ಬಂದ ಕೂಡ್ಲೆ ಹೇಳುದು. ನಾನು ಮೊದಲ ವಾರ ಯಾರಾದ್ರೂ ಗುಡ್ ನೈಟ್ ಅಂದ ಕೂಡ್ಲೆ, ಓ ಹೊರಡ್ಲಿಕ್ಕೆ ಹೇಳ್ತಿದ್ದಾರೆ ಅಂತ ಎದ್ದು ಬರ್ತಿದ್ದೆ!

ಸ್ಟೀಲ್ ಪ್ಯಾನ್ ಬಗ್ಗೆ: ಅದರ ಸೀಸನ್ ಕಾರ್ನಿವಲ್‌ಗೆ ಮುಂಚೆ, ಜನವರಿ ಫೆಬ್ರವರಿ. ಆಗ ಪ್ಯಾನ್ ಯಾರ್ಡಿನಲ್ಲಿ, ಅಂದ್ರೆ ಅಭ್ಯಾಸ ಮಾಡುವ ಅಂಗಳದಲ್ಲಿ, ರಾತ್ರಿ ನೂರು ಜನ ಎಣ್ಣೆ ಡ್ರಮ್ಮಿನಿಂದ ಮಾಡಿದ ವಾದ್ಯ ಇಟ್ಟುಕೊಂಡು ಅದೇ ನಾಲ್ಕು ಸಾಲು ನಲವತ್ತು ಸಲ ಬಾರಿಸಿ ಕಲೀತಾರೆ, ಕಾಗದ ನೋಡಿ ಅಲ್ಲ, ಕಿವಿಯಿಂದ. ನಮ್ಮಲ್ಲಿ ಚೆಂಡೆ ಕಲಿಸ್ತಾರಲ್ಲ, ಹಾಗೆ. ಮೇಯಲ್ಲಿ ಟೂರಿನವರು ತೋರಿಸುದು ಹೋಟೆಲ್ ಲಾನಿನ ಐದು ಜನರ ಸೆಟ್ಟು, ಅದಕ್ಕೆ ಅಂತ ದುಡ್ಡು ಕೊಡ್ಬೇಡಿ.

ಟೊರೊಂಟೊ_ತರ್ಲೆ

ಕೆಳಗಿನ ಮನೆ ಆಂಟಿಗೆ ಈ ಥ್ರೆಡ್ ಇಂಗ್ಲಿಷಲ್ಲಿ ಹೇಳಿದೆ. ಅವರು ಹೇಳಿದ್ದು: "ಟೂರಲ್ಲಿ ಲೈಮ್ ಮಾಡಕ್ಕಾಗಲ್ಲ". ಲೈಮ್ ಅಂದ್ರೆ ಏನೂ ಕೆಲಸ ಇಲ್ದೆ ಸುಮ್ನೆ ಗುಂಪು ಸೇರಿ ಕೂರೋದು, ನಮ್ಮ ಅರಳಿಕಟ್ಟೆ ಹರಟೆ. ಆಂಟಿ ಪ್ರಕಾರ ಟೈಮ್ ಟೇಬಲ್ ಹಾಕಿದ ತಕ್ಷಣ ಅದು ಲೈಮ್ ಅಲ್ಲ, ಮೀಟಿಂಗ್.

ಎಡಿಸನ್_ಸೊಸೆ

ಹೋಗಿ ಬಂದ್ವಿ. ತಡ ಆಯ್ತು ಬರೆಯೋದು, ಬಂದ ಮೇಲೆ ಮೂರು ದಿನ ಬಟ್ಟೆ ಒಗೆಯೋದ್ರಲ್ಲೇ ಹೋಯ್ತು.

ಭಟ್ರು ಹೇಳಿದ ಹಾಗೆ ಎರಡೇ ದಿನ ಗೈಡ್ ತಗೊಂಡ್ವಿ. ಮೊದಲನೇ ದಿನ ಅವರೇ ಏರ್ಪಾಡು ಮಾಡಿದ "ಮನೆ ಊಟ", ಹೋದ್ರೆ ನಡುಮನೇಲಿ ಟೇಬಲ್ ಹಾಕಿ ಬಟ್ಟೆ ಹಾಸಿ ಮೆನು ಪ್ರಿಂಟ್ ಮಾಡಿ ಇಟ್ಟಿದಾರೆ, ನಂಗೆ ತರ್ಲೆ ಹೇಳಿದ ಜಮೈಕಾ ಮಕ್ಕಳು ನೆನಪಾಗಿ ಹೊಟ್ಟೆ ಕಿವುಚಿತು. ಆ ಮನೆಯವರು ಐವತ್ತೈದು ಅರವತ್ತರ ಹೆಂಗಸು, ಮುಖದಲ್ಲಿ ನಗು ಇದೆ ಆದ್ರೆ ಟೂರಿಸ್ಟ್‌ಗೆ ನಗೋ ನಗು. ಅತ್ತೆ ಐದು ನಿಮಿಷ ಕೂತ್ರು, ಆಮೇಲೆ ಯಾರನ್ನೂ ಕೇಳ್ದೆ ಎದ್ದು ಸೀದಾ ಅಡುಗೆಮನೆಗೆ ಹೋಗ್ಬಿಟ್ರು, ನಾನು ಅತ್ತೆ ಅತ್ತೆ ಅಂತಾನೇ ಇದೀನಿ. ಒಳಗೆ ಹೋದ್ರೆ ಆ ಹೆಂಗಸು ದಾಲ್‌ಪುರಿ ಲಟ್ಟಿಸ್ತಿದ್ರಂತೆ, ಬೇಯಿಸಿದ ಬೇಳೆಗೆ ಗೀರಾ ಹಾಕಿ ಪುಡಿ ಮಾಡಿ ಒಳಗೆ ತುಂಬ್ತಾರಲ್ಲ, ನಮ್ ಅತ್ತೆ ನೋಡಿ "ಅಯ್ಯೋ ಇದು ಒಬ್ಬಟ್ಟು ಕಣೇ, ಬೆಲ್ಲ ಹಾಕೋದು ಮರ್ತಿದಾರೆ" ಅಂದ್ರು. ಕೈ ತೊಳೆದು ಉಂಡೆ ಕೈಗೆ ತಗೊಂಡೇ ಬಿಟ್ರು. ಒಂದು ಭಾಷೆನೂ ಕಾಮನ್ ಇಲ್ಲ, ಆ ಹೆಂಗಸಿಗೆ ಹಿಂದಿ ಬರಲ್ಲ, ಅವರ ಆಜಿ ಭೋಜಪುರಿ ಮಾತಾಡ್ತಿದ್ರಂತೆ ಅಷ್ಟೇ, ಅತ್ತೆಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಬೈಗನ್, ಗೀರಾ, ತವಾ, ಬೇಲನ್, ಹೀಗೆ ಹತ್ತು ಪದದಲ್ಲಿ ಎರಡು ಗಂಟೆ ಮಾತಾಡಿದಾರೆ. ಟೇಬಲ್ ಹಾಗೇ ಖಾಲಿ ಇತ್ತು, ಎಲ್ರೂ ಅಡುಗೆಮನೇಲಿ ನಿಂತ್ಕೊಂಡೇ ತಿಂದ್ವಿ. ಗೈಡ್ ವಾಚ್ ನೋಡ್ಕೊತಾ ನಾಲ್ಕು ಸಲ ಬಂದು ಹೋದ.

ಹನುಮಂತನ ಮುಂದೆ ಅತ್ತೆ ಮಾತೇ ಆಡ್ಲಿಲ್ಲ. ಆಮೇಲೆ ಕಾರಲ್ಲಿ "ನಮ್ಮ ಊರಿನ ಸ್ವಾಮಿಗಳದ್ದು" ಅಂತ ಡ್ರೈವರ್‌ಗೆ ಕನ್ನಡದಲ್ಲೇ ಮೂರು ಸಲ ಹೇಳಿದ್ರು.

ಮೇ 30 ಅಂಗಡಿ ಬಹಳಷ್ಟು ಮುಚ್ಚಿತ್ತು, ನಂದು ಸ್ವಲ್ಪ ಪ್ಲಾನ್ ಎಡವಟ್ಟಾಯ್ತು, ಮ್ಯೂಸಿಯಂ ಅದೂ ಇದೂ ಆಗ್ಲಿಲ್ಲ. ಆದ್ರೆ ಈ ಸಲ 180ನೇ ವರ್ಷ ಅಲ್ವಾ, ಫತೇಲ್ ರಜಾಕ್ ಅನ್ನೋ ಹಡಗು ಕಲ್ಕತ್ತಾದಿಂದ ಹೊರಟು 1845ರ ಮೇ 30ಕ್ಕೆ ಬಂದಿಳಿದಿದ್ದು, ಅದಕ್ಕೆ ಮೆರವಣಿಗೆ, ತಾಸ್ಸಾ. ಕಾಕಾ ಹೇಳಿದ ಬೆಂಕಿಗೆ ಚರ್ಮ ಕಾಯಿಸೋದು ಕಣ್ಣಾರೆ ನೋಡಿದ್ವಿ, ಕಾಕಾ ನೀವು ನೆನಪಾದ್ರಿ. ಪಕ್ಕದಲ್ಲಿ ನಿಂತಿದ್ದ ಒಬ್ಬ ಹುಡುಗ ಹೇಳಿದ, ಅವನ ಮುತ್ತಾತನ ಹೆಸರು ಹಡಗಿನ ಪಟ್ಟಿಯಲ್ಲಿದೆ ಆದ್ರೆ ಊರಿನ ಹೆಸರು ಓದಕ್ಕಾಗಲ್ಲ ಅಂತ. ನಮ್ಮನ್ನ ನೋಡಿ ನೀವು ಇಂಡಿಯಾದಲ್ಲಿ ಯಾವೂರು ಅಂದ. ಮೈಸೂರು ಅಂದ್ವಿ. ಅದು ಬಿಹಾರಕ್ಕೆ ಹತ್ರನಾ ಅಂತ ಕೇಳಿದ, ಏನ್ ಹೇಳೋದು ಗೊತ್ತಾಗ್ಲಿಲ್ಲ.

ಡಬಲ್ಸ್ ಐದು ದಿನದಲ್ಲಿ ಏಳು ಸಲ. ನಮ್ಮನೆಯವರು ಭಟ್ರ ಮಾತು ಕೇಳದೆ ಖಾರ ಜಾಸ್ತಿ ಹಾಕಿಸ್ಕೊಂಡ್ರು, ವಿವರ ಬೇಡ.

ಈಗಿರೋ ಒಂದೇ ಸಮಸ್ಯೆ ಏನಂದ್ರೆ, ಅತ್ತೆ ಸಂಜೆ ವಾಕಿಂಗ್ ಹೋದಾಗ ಎಡಿಸನ್‌ನಲ್ಲಿ ಎದುರು ಸಿಕ್ಕವರಿಗೆಲ್ಲ ಜೋರಾಗಿ "ಗುಡ್ ನೈಟ್" ಅಂತಿದಾರೆ. ನಿನ್ನೆ ಪಕ್ಕದ ಮನೆ ಅಮೆರಿಕನ್ ಅಜ್ಜ ಪಾಪ ಗೇಟ್ ತೆಗೆದು ಒಳಗೆ ಹೋಗ್ಬಿಟ್ರು.

ಸುರತ್ಕಲ್_ಭಟ್

😂😂 ಬಿಡಿ, ಆ ಅಜ್ಜನಿಗೂ ಒಂದು ವಾರದಲ್ಲಿ ಅಭ್ಯಾಸ ಆಗ್ತದೆ. ದಾಲ್‌ಪುರಿಗೆ ಬೆಲ್ಲ ಹಾಕಿ ನೋಡಿದ್ರಾ ಅತ್ತೆ?

ಎಡಿಸನ್_ಸೊಸೆ

ಈ ಭಾನುವಾರ. ಆ ಆಂಟಿ ವಾಟ್ಸಾಪಲ್ಲಿ ವಿಡಿಯೋ ಕಾಲ್ ಮಾಡ್ತಾರಂತೆ ನೋಡಕ್ಕೆ.